ಒಲಿಂಪಿಯಾಡ್ ಮಟ್ಟದ ಯಂತ್ರ ದೋಣಿಯ ಒಗಟಿನಲ್ಲಿ ಎಡವುವುದೇಕೆ?

2025ರ ಜೂನ್ ಮತ್ತು ಜುಲೈನಲ್ಲಿ ಬಂದ ಎರಡು ಸುದ್ದಿಗಳು ಒಂದನ್ನೊಂದು ಅಲ್ಲಗಳೆಯುವಂತಿದ್ದವು. ‘ಯೋಚಿಸಿ ಉತ್ತರಿಸುತ್ತವೆ’ ಎನ್ನಲಾಗುವ ಕೃತಕ ಬುದ್ಧಿಮತ್ತೆಯ ಮಾದರಿಗಳು ನದಿ ದಾಟುವ ಒಗಟು, ಹನೋಯ್ ಗೋಪುರದಂಥ ಹಳೆಯ ಸಮಸ್ಯೆಗಳಲ್ಲಿ ಒಂದು ಹಂತ ಮೀರಿದೊಡನೆ ಪೂರ್ತಿ ಕುಸಿಯುತ್ತವೆ ಎಂದು ಆ್ಯಪಲ್ ಕಂಪನಿಯ ಸಂಶೋಧಕರು ಜೂನ್‌ನಲ್ಲಿ ವರದಿ ಮಾಡಿದರು. ಮರುತಿಂಗಳೇ ಗೂಗಲ್ ಡೀಪ್‌ಮೈಂಡ್ ಮತ್ತು ಓಪನ್‌ಎಐ ಸಂಸ್ಥೆಗಳು ತಮ್ಮ ಮಾದರಿಗಳು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ, 42ಕ್ಕೆ 35 ಅಂಕ ಪಡೆದು ಚಿನ್ನದ ಪದಕದ ಮಟ್ಟ ಮುಟ್ಟಿವೆ ಎಂದು ಪ್ರಕಟಿಸಿದವು.

ಎರಡು ಸುದ್ದಿಗಳಲ್ಲಿ ಇದ್ದದ್ದು ಒಂದೇ ಮಾದರಿಯಲ್ಲ. ಆದರೆ ತಂತ್ರಜ್ಞಾನದ ಬಗೆ ಒಂದೇ. ಜಗತ್ತಿನ ಅತಿ ಚುರುಕಿನ ವಿದ್ಯಾರ್ಥಿಗಳು ಬೆವರುವ ಪ್ರಶ್ನೆಯನ್ನು ಬಿಡಿಸುವ ಯಂತ್ರಕ್ಕೆ ಮಕ್ಕಳ ಒಗಟು ಕಷ್ಟವಾಗುವುದು ಹೇಗೆ? ಅದಕ್ಕೆ ತರ್ಕ ತಿಳಿದಿದೆಯೋ ಇಲ್ಲವೋ? ಇದಕ್ಕೆ ಉತ್ತರವನ್ನು ಯಂತ್ರದೊಳಗೆ ಹುಡುಕುವ ಮೊದಲು ಒಗಟಿನೊಳಗೆ ಹುಡುಕುವುದು ಒಳ್ಳೆಯದು. ಒಗಟನ್ನು ‘ಬಿಡಿಸುವುದು’ ಎಂದರೇನು ಎಂಬುದು ನಮಗೇ ಸ್ಪಷ್ಟವಾಗಿಲ್ಲದಿದ್ದರೆ, ಬಿಡಿಸಿದವರು ಯಾರು, ಬಿಡಿಸದವರು ಯಾರು ಎಂದು ತೀರ್ಮಾನಿಸಲಾಗದು.

ಕಥೆ ಒಂದೇ, ಷರತ್ತು ಬೇರೆ

ನದಿ ದಾಟುವ ಒಗಟಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಯಾರ್ಕ್‌ನ ಆಲ್ಕ್ವಿನ್ ಎಂಬ ವಿದ್ವಾಂಸನದೆಂದು ಹೇಳಲಾಗುವ ಲ್ಯಾಟಿನ್ ಸಂಗ್ರಹವೊಂದರಲ್ಲಿ ಅದು ಸಿಗುತ್ತದೆ. ಒಬ್ಬ ಮನುಷ್ಯನ ಬಳಿ ತೋಳ, ಮೇಕೆ, ಎಲೆಕೋಸು ಇವೆ. ದೋಣಿಯಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ತೋಳ ಮೇಕೆಯನ್ನು ತಿನ್ನುತ್ತದೆ, ಮೇಕೆ ಎಲೆಕೋಸನ್ನು ತಿನ್ನುತ್ತದೆ. ಏಳು ಸಲ ನದಿ ದಾಟಿದರೆ ಎಲ್ಲವೂ ಕ್ಷೇಮವಾಗಿ ಆಚೆ ದಡ ಸೇರುತ್ತವೆ. ಬಿಡಿಸುವ ಕೀಲಿ ಇರುವುದು ನಡುವಿನ ಒಂದು ಹೆಜ್ಜೆಯಲ್ಲಿ: ಆಚೆಗೆ ಒಯ್ದ ಮೇಕೆಯನ್ನು ಮತ್ತೆ ಈಚೆಗೆ ತರಬೇಕು.

ಈಗ ಒಂದೇ ಷರತ್ತನ್ನು ಬದಲಿಸೋಣ. ದೋಣಿಯಲ್ಲಿ ಅವನ ಜೊತೆ ಎರಡಕ್ಕೆ ಜಾಗವಿದೆ ಎಂದರೆ, ತೋಳವನ್ನೂ ಎಲೆಕೋಸನ್ನೂ ಒಟ್ಟಿಗೆ ಒಯ್ದು, ಮರಳಿ ಬಂದು ಮೇಕೆಯನ್ನು ಕರೆದೊಯ್ದರಾಯಿತು. ಮೂರೇ ಸಲ ದಾಟಿದರೆ ಸಾಕು. ತೋಳ ಮತ್ತು ಎಲೆಕೋಸನ್ನು ಕಥೆಯಿಂದಲೇ ತೆಗೆದು, ಮನುಷ್ಯ ಮತ್ತು ಮೇಕೆಯನ್ನು ಮಾತ್ರ ಉಳಿಸಿದರೆ ಒಂದೇ ಸಲ. ಇಲ್ಲಿ ಬಿಡಿಸಲು ಏನೂ ಇಲ್ಲ. ಆದರೂ 2024ರಲ್ಲಿ ಈ ಕೊನೆಯ ರೂಪವನ್ನು ಕೇಳಿದಾಗ ಚಾಟ್‌ಜಿಪಿಟಿಯಂಥ ಹಲವು ಭಾಷಾ ಮಾದರಿಗಳು ಮನುಷ್ಯನನ್ನು ಹಿಂದೆ ಮುಂದೆ ಹಲವು ಸಲ ಓಡಾಡಿಸಿದವು. ದೋಣಿ, ಮೇಕೆ, ನದಿ ಎಂಬ ಪದಗಳು ಕಂಡ ಕೂಡಲೇ ಹಳೆಯ ಉತ್ತರದ ಅಚ್ಚು ಹೊರಬಂತು. ಕೇಳಿದ ಪ್ರಶ್ನೆಯನ್ನು ಅವು ಉತ್ತರಿಸಲಿಲ್ಲ. ಅದಕ್ಕೆ ಹೋಲುವ, ಹೆಚ್ಚು ಪ್ರಸಿದ್ಧವಾದ ಪ್ರಶ್ನೆಯನ್ನು ಉತ್ತರಿಸಿದವು.

ಎಡವುವಿಕೆಯ ಈ ಬಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಒಗಟಿನ ಉತ್ತರ ಅದರ ಕಥೆಗೆ ಅಂಟಿಕೊಂಡಿರುವುದಿಲ್ಲ, ಷರತ್ತುಗಳಿಗೆ ಅಂಟಿಕೊಂಡಿರುತ್ತದೆ. ಕಥೆಯ ಮಾತುಗಳೆಲ್ಲ ಹಾಗೆಯೇ ಉಳಿದು ಒಂದು ಷರತ್ತು ಬದಲಾದರೂ ಉತ್ತರ ತಲೆಕೆಳಗಾಗಬಹುದು. ಇದಕ್ಕೆ ಮೂರು ಬಾಗಿಲುಗಳ ಒಗಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೂರು ಬಾಗಿಲು ಮತ್ತು ನಿರೂಪಕನ ಮನಸ್ಸು

ಮೂರು ಮುಚ್ಚಿದ ಬಾಗಿಲುಗಳು. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆಗಳು. ನೀವು ಒಂದನೆಯ ಬಾಗಿಲನ್ನು ಆರಿಸುತ್ತೀರಿ. ಕಾರು ಎಲ್ಲಿದೆ ಎಂದು ಬಲ್ಲ ಆಟದ ನಿರೂಪಕ ಉಳಿದ ಎರಡರಲ್ಲಿ ಮೇಕೆ ಇರುವ ಬಾಗಿಲೊಂದನ್ನು ತೆರೆದು ತೋರಿಸಿ, ‘ಆಯ್ಕೆ ಬದಲಿಸುತ್ತೀರಾ?’ ಎಂದು ಕೇಳುತ್ತಾನೆ. ಬದಲಿಸುವುದು ಲಾಭವೇ?

ಸಂಖ್ಯಾಶಾಸ್ತ್ರಜ್ಞ ಸ್ಟೀವ್ ಸೆಲ್ವಿನ್ 1975ರಲ್ಲಿ ವೃತ್ತಿ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಈ ಒಗಟು ಕಾಣಿಸಿಕೊಂಡಿತು. ಆದರೆ ಅದು ಮನೆಮಾತಾದದ್ದು 1990ರಲ್ಲಿ. ಅಮೆರಿಕದ ‘ಪರೇಡ್’ ವಾರಪತ್ರಿಕೆಯ ಅಂಕಣದಲ್ಲಿ ಮರಿಲಿನ್ ವಾಸ್ ಸಾವಂತ್ ‘ಬದಲಿಸಿ, ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು’ ಎಂದು ಉತ್ತರಿಸಿದರು. ಸುಮಾರು 10,000 ಪತ್ರಗಳು ಬಂದವು. ಅವುಗಳಲ್ಲಿ ಸಾವಿರದಷ್ಟು ಡಾಕ್ಟರೇಟ್ ಪಡೆದವರವು. ಹೆಚ್ಚಿನವರು ಆಕೆ ತಪ್ಪು ಎಂದೇ ವಾದಿಸಿದರು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಪಾಲ್ ಏರ್ಡಿಷ್ ಕೂಡ ಮೊದಲಿಗೆ ಒಪ್ಪಲಿಲ್ಲ. ಕಂಪ್ಯೂಟರ್‌ನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲಷ್ಟೇ ಅವರು ಮಣಿದರು.

ಆಕೆಯ ಉತ್ತರವೇ ಸರಿ. ಸೂತ್ರಗಳಿಲ್ಲದೆ, ಎಣಿಸಿಯೇ ಇದನ್ನು ನೋಡಬಹುದು. ಈ ಆಟವನ್ನು 300 ಸಲ ಆಡಿದೆವು, ಪ್ರತಿ ಸಲವೂ ಒಂದನೆಯ ಬಾಗಿಲನ್ನೇ ಆರಿಸಿದೆವು ಎಂದುಕೊಳ್ಳೋಣ. ಸರಾಸರಿ 100 ಸಲ ಕಾರು ನಿಮ್ಮ ಬಾಗಿಲಿನ ಹಿಂದೆಯೇ ಇರುತ್ತದೆ, 200 ಸಲ ಬೇರೆ ಕಡೆ ಇರುತ್ತದೆ. ಬೇರೆ ಕಡೆ ಇದ್ದಾಗಲೆಲ್ಲ ನಿರೂಪಕನಿಗೆ ಆಯ್ಕೆಯೇ ಇಲ್ಲ. ಉಳಿದ ಎರಡರಲ್ಲಿ ಮೇಕೆಯದನ್ನು ತೆರೆದು, ಕಾರಿನ ಬಾಗಿಲನ್ನು ಮುಚ್ಚಿಯೇ ಬಿಡಬೇಕು. ಹೀಗಾಗಿ ಬದಲಿಸುವವನು ಆ 200 ಸಲವೂ ಗೆಲ್ಲುತ್ತಾನೆ. ಬದಲಿಸದವನಿಗೆ ದಕ್ಕುವುದು 100.

ಇಲ್ಲಿಗೆ ಹೆಚ್ಚಿನ ವಿವರಣೆಗಳು ನಿಲ್ಲುತ್ತವೆ. ‘ಬದಲಿಸಬೇಕು’ ಎಂಬುದನ್ನು ಓದುಗರು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಆದರೆ ನಿಜವಾದ ಪಾಠ ಇಲ್ಲಿಂದಲೇ ಶುರು.

ನಿರೂಪಕನಿಗೆ ಕಾರು ಎಲ್ಲಿದೆ ಎಂದು ಗೊತ್ತಿಲ್ಲ, ಉಳಿದೆರಡರಲ್ಲಿ ಯಾವುದೋ ಒಂದನ್ನು ಕಣ್ಣುಮುಚ್ಚಿ ತೆರೆದ, ಅದೃಷ್ಟವಶಾತ್ ಮೇಕೆ ಕಂಡಿತು ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ಬೀಳುವ ದೃಶ್ಯ ಕೂದಲೆಳೆಯಷ್ಟೂ ಬದಲಾಗಿಲ್ಲ: ನಿಮ್ಮ ಬಾಗಿಲು ಮುಚ್ಚಿದೆ, ಒಂದರಲ್ಲಿ ಮೇಕೆ ಕಾಣುತ್ತಿದೆ, ಇನ್ನೊಂದು ಮುಚ್ಚಿದೆ. ಆದರೆ ಲೆಕ್ಕ ಬೇರೆ. 300 ಆಟಗಳಲ್ಲಿ ಕಾರು ನಿಮ್ಮಲ್ಲಿರುವ 100ರಲ್ಲಿ ಅವನು ಯಾವುದನ್ನು ತೆರೆದರೂ ಮೇಕೆಯೇ. ಕಾರು ಬೇರೆಡೆ ಇರುವ 200ರಲ್ಲಿ ಅರ್ಧದಷ್ಟು ಸಲ ಅವನು ಕಾರನ್ನೇ ಬಯಲು ಮಾಡಿಬಿಡುತ್ತಾನೆ. ಆ 100 ಆಟಗಳು ಕೆಟ್ಟುಹೋದವು. ಮೇಕೆ ಕಂಡ ಆಟಗಳು ಉಳಿದದ್ದು 200. ಅವುಗಳಲ್ಲಿ 100 ಬದಲಿಸಿದವರಿಗೆ, 100 ಬದಲಿಸದವರಿಗೆ. ಸಮಸಮ.

ಮೂರನೆಯ ನಿರೂಪಕನೂ ಇರಬಹುದು. ನೀವು ಸರಿಯಾದ ಬಾಗಿಲನ್ನು ಆರಿಸಿದಾಗ ಮಾತ್ರ ನಿಮ್ಮನ್ನು ದಾರಿ ತಪ್ಪಿಸಲು ಬದಲಾವಣೆಯ ಅವಕಾಶ ಕೊಡುವವನು ಅವನು. ಅವನೆದುರು ಬದಲಿಸಿದರೆ ಸೋಲು ಖಚಿತ.

ಒಂದೇ ದೃಶ್ಯಕ್ಕೆ ಮೂರು ಉತ್ತರಗಳು: ಮೂರರಲ್ಲಿ ಎರಡು, ಅರ್ಧ, ಸೊನ್ನೆ. ವ್ಯತ್ಯಾಸ ಇರುವುದು ಕಂಡ ಸಂಗತಿಯಲ್ಲಲ್ಲ, ಅದು ಯಾವ ನಿಯಮದಿಂದ ಕಣ್ಣಿಗೆ ಬಿತ್ತು ಎಂಬುದರಲ್ಲಿ. 1990ರಲ್ಲಿ ಪ್ರಕಟವಾದ ಪ್ರಶ್ನೆಯಲ್ಲಿ ನಿರೂಪಕ ‘ಬಲ್ಲವನು’ ಎಂಬ ಮಾತಿತ್ತು. ಆದರೆ ಅವನು ಪ್ರತಿ ಆಟದಲ್ಲೂ ಮೇಕೆಯ ಬಾಗಿಲು ತೆರೆದು ಅವಕಾಶ ಕೊಡಲೇಬೇಕು ಎಂಬ ನಿಯಮವನ್ನು ಸ್ಪಷ್ಟವಾಗಿ ಬರೆದಿರಲಿಲ್ಲ. ಸಿಟ್ಟಿನ ಪತ್ರ ಬರೆದವರಲ್ಲಿ ಬಹುತೇಕರ ತಕರಾರು ಇದಾಗಿರಲಿಲ್ಲ. ಅವರು ಎರಡು ಬಾಗಿಲು ಉಳಿದರೆ ಅರ್ಧರ್ಧ ಎಂಬ ಅವಸರದ ಎಣಿಕೆಗೆ ಬಿದ್ದಿದ್ದರು. ಆದರೂ ಆ ಬಿರುಕು ಪ್ರಶ್ನೆಯಲ್ಲಿ ಇದ್ದದ್ದು ನಿಜ.

ಇಬ್ಬರು ಮಕ್ಕಳ ಒಗಟಿನಲ್ಲೂ ಇದೇ ಬಿರುಕಿದೆ. ಮಾರ್ಟಿನ್ ಗಾರ್ಡ್‌ನರ್ 1959ರಲ್ಲಿ ಕೇಳಿದ ಪ್ರಶ್ನೆ: ಒಬ್ಬರಿಗೆ ಇಬ್ಬರು ಮಕ್ಕಳು, ಕನಿಷ್ಠ ಒಬ್ಬನಾದರೂ ಗಂಡು, ಇಬ್ಬರೂ ಗಂಡಾಗಿರುವ ಸಾಧ್ಯತೆ ಎಷ್ಟು? ಇಬ್ಬರು ಮಕ್ಕಳಿರುವ 400 ಕುಟುಂಬಗಳಲ್ಲಿ ಸುಮಾರು 100ರಲ್ಲಿ ಇಬ್ಬರೂ ಗಂಡು, 200ರಲ್ಲಿ ಒಂದು ಗಂಡು ಒಂದು ಹೆಣ್ಣು, 100ರಲ್ಲಿ ಇಬ್ಬರೂ ಹೆಣ್ಣು. ‘ಗಂಡು ಮಗುವಿದೆಯೇ?’ ಎಂದು ಎಲ್ಲರನ್ನೂ ಕೇಳಿ ಹೌದೆಂದವರನ್ನು ಆರಿಸಿದರೆ 300 ಕುಟುಂಬಗಳಲ್ಲಿ 100. ಉತ್ತರ ಮೂರರಲ್ಲಿ ಒಂದು. ಬದಲಿಗೆ, ಇಬ್ಬರಲ್ಲಿ ಯಾರಾದರೊಬ್ಬರು ಆಕಸ್ಮಿಕವಾಗಿ ಎದುರಾಗಿ ಆ ಮಗು ಗಂಡಾಗಿದ್ದರೆ ಉತ್ತರ ಅರ್ಧ. ಗಾರ್ಡ್‌ನರ್ ತಮ್ಮ ಪ್ರಶ್ನೆಯ ಮಾತುಗಳು ಎರಡಕ್ಕೂ ಎಡೆಕೊಡುತ್ತವೆ ಎಂದು ಅದೇ ವರ್ಷ ಒಪ್ಪಿಕೊಂಡು ಬರೆದರು. ಒಗಟುಗಾರರಲ್ಲಿ ಈ ಪ್ರಾಮಾಣಿಕತೆ ಅಪರೂಪ, ಗೌರವಕ್ಕೆ ಅರ್ಹ.

ನೆನಪು ತರ್ಕದ ವೇಷ ತೊಟ್ಟಾಗ

ಭಾಷಾ ಮಾದರಿಗಳು ಅಪಾರ ಪ್ರಮಾಣದ ಬರಹವನ್ನು ಓದಿ, ಯಾವ ಮಾತಿನ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತವು. ಮೂರು ಬಾಗಿಲಿನ ಒಗಟು ಆ ಬರಹದಲ್ಲಿ ಲೆಕ್ಕವಿಲ್ಲದಷ್ಟು ಸಲ, ಬಹುತೇಕ ಯಾವಾಗಲೂ ಅದೇ ಉತ್ತರದೊಂದಿಗೆ ಬಂದಿದೆ. ‘ಬಾಗಿಲು, ಮೇಕೆ, ನಿರೂಪಕ’ ಎಂಬ ಮಾತುಗಳ ಸುತ್ತ ‘ಬದಲಿಸಿ, ಮೂರರಲ್ಲಿ ಎರಡು’ ಎಂಬುದು ಬಲವಾಗಿ ಕಟ್ಟಿಕೊಂಡಿದೆ. ನಡುವೆ ಎಲ್ಲೋ ‘ನಿರೂಪಕನಿಗೆ ಗೊತ್ತಿಲ್ಲ’ ಎಂಬ ಒಂದು ವಾಕ್ಯ ಸೇರಿದರೆ, ನೂರು ಪದಗಳು ಹಳೆಯ ಉತ್ತರದ ಕಡೆಗೆ ಎಳೆಯುತ್ತವೆ, ಎರಡು ಪದಗಳು ಹೊಸದರ ಕಡೆಗೆ. ಎಳೆತ ಯಾವ ಕಡೆ ಹೆಚ್ಚು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇದನ್ನು ಅಳೆದು ನೋಡಿದ ಅಧ್ಯಯನಗಳಿವೆ. 2024ರ ಅಕ್ಟೋಬರ್‌ನಲ್ಲಿ ಆ್ಯಪಲ್‌ನ ಸಂಶೋಧಕರೇ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಶಾಲಾ ಮಟ್ಟದ ಲೆಕ್ಕಗಳಿಗೆ ಸಂಬಂಧವಿಲ್ಲದ ವಾಕ್ಯಗಳನ್ನು ಸೇರಿಸಲಾಯಿತು. ಒಬ್ಬ ಶುಕ್ರವಾರ 44 ಕಿವಿ ಹಣ್ಣು ಕೀಳುತ್ತಾನೆ, ಶನಿವಾರ 58, ಭಾನುವಾರ ಶುಕ್ರವಾರದ ಎರಡರಷ್ಟು. ‘ಆದರೆ ಅವುಗಳಲ್ಲಿ ಐದು ಸ್ವಲ್ಪ ಚಿಕ್ಕವು’. ಒಟ್ಟು ಎಷ್ಟು? ಚಿಕ್ಕದಾದರೂ ಹಣ್ಣು ಹಣ್ಣೇ, ಉತ್ತರ 190. ಕೆಲವು ಮಾದರಿಗಳು ಐದನ್ನು ಕಳೆದು 185 ಎಂದವು. ಕಲಿಕೆಯ ಲೆಕ್ಕಗಳಲ್ಲಿ ಕೊಟ್ಟ ಸಂಖ್ಯೆಯೆಲ್ಲ ಸಾಮಾನ್ಯವಾಗಿ ಬಳಕೆಯಾಗುತ್ತದೆ, ಹಾಗಾಗಿ ಇದನ್ನೂ ಬಳಸಿದವು. ಇಂಥ ವಾಕ್ಯ ಸೇರಿದಾಗ ಕೆಲವು ಮಾದರಿಗಳ ಸಾಧನೆ ಶೇ 65ರಷ್ಟು ಕುಸಿಯಿತು. ಅದೇ ವರ್ಷ ಬಂದ ಇನ್ನೊಂದು ಪರೀಕ್ಷೆ ಇನ್ನೂ ಸರಳ: ಆಲಿಸ್‌ಗೆ ನಾಲ್ವರು ಸಹೋದರರು, ಒಬ್ಬ ಸಹೋದರಿ, ಆಲಿಸ್‌ಳ ಸಹೋದರನಿಗೆ ಎಷ್ಟು ಜನ ಸಹೋದರಿಯರು? ಆಲಿಸ್‌ಳನ್ನೂ ಎಣಿಸಿದರೆ ಇಬ್ಬರು. ಆಗಿನ ಹೆಸರಾಂತ ಮಾದರಿಗಳಲ್ಲಿ ಹಲವು ‘ಒಬ್ಬಳು’ ಎಂದು, ಅದೂ ಪೂರ್ತಿ ವಿಶ್ವಾಸದಿಂದ ಉತ್ತರಿಸಿದವು.

ಹೀಗೆಂದು ಮನುಷ್ಯರು ಬೀಗುವಂತಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ರೂಪಿಸಿದ ಕಾರ್ಡುಗಳ ಒಗಟನ್ನು ನೋಡಿ. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು’ ಎಂಬುದು ನಿಯಮ. ಮೇಜಿನ ಮೇಲೆ ಒಂದು ಸ್ವರ, ಒಂದು ವ್ಯಂಜನ, 4 ಮತ್ತು 7 ಕಾಣುತ್ತಿವೆ. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವುವನ್ನು ತಿರುಗಿಸಬೇಕು? ಸರಿ ಉತ್ತರ ಸ್ವರ ಮತ್ತು 7. ಬಹುಪಾಲು ಜನ ಸ್ವರ ಮತ್ತು 4 ಎನ್ನುತ್ತಾರೆ. ಇದೇ ತರ್ಕವನ್ನು ‘ಮದ್ಯ ಕುಡಿಯುವವನಿಗೆ ನಿಗದಿತ ವಯಸ್ಸು ಆಗಿರಬೇಕು’ ಎಂಬ ನಿಯಮದ ರೂಪದಲ್ಲಿ ಕೇಳಿದರೆ ಬಹುಪಾಲು ಜನ ಸರಿಯಾಗಿಯೇ ಉತ್ತರಿಸುತ್ತಾರೆ: ಕುಡಿಯುತ್ತಿರುವವನ ವಯಸ್ಸನ್ನು, ಚಿಕ್ಕ ವಯಸ್ಸಿನವನ ಲೋಟವನ್ನು ನೋಡಬೇಕು. ತರ್ಕದ ಹಂದರ ಒಂದೇ. ಹೊದಿಕೆ ಬದಲಾದೊಡನೆ ನಾವೂ ಬೇರೆಯವರಾಗುತ್ತೇವೆ.

ಎರಡು ಬಣಗಳ ವಾದ

ಜೂನ್‌ನ ಆ್ಯಪಲ್ ವರದಿಗೆ ಮರಳೋಣ. ಅದರಲ್ಲಿ ನಾಲ್ಕು ಒಗಟುಗಳಿದ್ದವು. ಹೆಚ್ಚು ಚರ್ಚೆಯಾದದ್ದು ಎರಡು. 1883ರಲ್ಲಿ ಫ್ರೆಂಚ್ ಗಣಿತಜ್ಞ ಎದುವಾರ್ ಲೂಕಾಸ್ ರಚಿಸಿದ ಹನೋಯ್ ಗೋಪುರದಲ್ಲಿ ಮೂರು ಕಂಬಗಳು, ದೊಡ್ಡದರ ಮೇಲೆ ಚಿಕ್ಕದು ಎಂಬಂತೆ ಪೇರಿಸಿದ ತಟ್ಟೆಗಳು. ಒಮ್ಮೆಗೆ ಒಂದೇ ತಟ್ಟೆ ಸರಿಸಿ, ಚಿಕ್ಕದರ ಮೇಲೆ ದೊಡ್ಡದು ಎಂದೂ ಬಾರದಂತೆ ಇಡೀ ಗೋಪುರವನ್ನು ಬೇರೆ ಕಂಬಕ್ಕೆ ಒಯ್ಯಬೇಕು. ಒಂದು ತಟ್ಟೆ ಹೆಚ್ಚಿದರೆ ನಡೆಗಳು ದುಪ್ಪಟ್ಟಿಗಿಂತ ಒಂದು ಹೆಚ್ಚು: ಮೂರಕ್ಕೆ 7, ಹತ್ತಕ್ಕೆ 1,023, ಇಪ್ಪತ್ತಕ್ಕೆ 10,48,575. ಇನ್ನೊಂದು, ಜೋಡಿಗಳು ನದಿ ದಾಟುವ ಒಗಟು. ಪ್ರತಿ ಜೋಡಿಯಲ್ಲಿ ಒಬ್ಬ ನಟ, ಒಬ್ಬ ಅವನ ಏಜೆಂಟ್; ತನ್ನ ಏಜೆಂಟ್ ಇಲ್ಲದಾಗ ಯಾವ ನಟನೂ ಬೇರೊಬ್ಬನ ಏಜೆಂಟ್ ಜೊತೆ ಇರಕೂಡದು.

ಸಂಶೋಧಕರು ಕಂಡದ್ದು ಇಷ್ಟು. ಸುಲಭದ ಹಂತದಲ್ಲಿ ‘ಯೋಚಿಸುವ’ ಮಾದರಿಗಳು ಸಾಮಾನ್ಯ ಮಾದರಿಗಳಿಗಿಂತ ಮೇಲೇನೂ ಅಲ್ಲ. ನಡುವಿನ ಹಂತದಲ್ಲಿ ಮುಂದೆ. ಕಷ್ಟದ ಹಂತದಲ್ಲಿ ಎರಡೂ ಶೂನ್ಯಕ್ಕೆ ಇಳಿದವು. ಬಿಡಿಸುವ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟರೂ ಕುಸಿತ ನಿಲ್ಲಲಿಲ್ಲ. ಹನೋಯ್ ಗೋಪುರದಲ್ಲಿ ನೂರರ ಹತ್ತಿರ ನಡೆಗಳನ್ನು ಸರಿಯಾಗಿ ನಡೆಸಬಲ್ಲ ಮಾದರಿ ನದಿಯ ಒಗಟಿನಲ್ಲಿ ಕೆಲವೇ ನಡೆಗಳೊಳಗೆ ತಪ್ಪಿತು. ಹೆಚ್ಚು ನಡೆಗಳ ಒಗಟು ಸಾಧ್ಯವಾಗಿ, ಕಡಿಮೆ ನಡೆಗಳದ್ದು ಆಗದಿರುವುದಕ್ಕೆ ಕಾರಣವೇನು? ಮೊದಲನೆಯದು ಬರಹಲೋಕದಲ್ಲಿ ಎಲ್ಲೆಲ್ಲೂ ಇದೆ, ಎರಡನೆಯದರ ದೊಡ್ಡ ರೂಪಗಳು ಅಪರೂಪ ಎಂಬುದು ಸಂಶೋಧಕರ ಊಹೆ.

ಎದುರು ಬಣದ ಆಕ್ಷೇಪಗಳೂ ತೂಕದವೇ. ಉದ್ದದ ಉತ್ತರ ಬರೆಯಲು ಮಾದರಿಗಳಿಗೆ ಮಿತಿಯಿದೆ. ಲಕ್ಷಾಂತರ ನಡೆಗಳನ್ನು ಬರೆಯದಿರುವುದು ತರ್ಕದ ಸೋಲಲ್ಲ ಎಂದರು. ಎಲ್ಲ ನಡೆಗಳನ್ನು ಬರೆಯುವ ಬದಲು ಅವನ್ನು ಮುದ್ರಿಸುವ ಪ್ರೋಗ್ರಾಮ್ ಬರೆಯಿರಿ ಎಂದರೆ ಮಾದರಿಗಳು ಸರಿಯಾಗಿ ಬರೆಯುತ್ತವೆ ಎಂದು ತೋರಿಸಿದರು. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ: ದೋಣಿಯಲ್ಲಿ ಮೂವರಿಗೆ ಮಾತ್ರ ಜಾಗವಿದ್ದರೆ ಐದು ಜೋಡಿಗಳವರೆಗೆ ಮಾತ್ರ ನದಿ ದಾಟಲು ಸಾಧ್ಯ. ಆರು ಅಥವಾ ಹೆಚ್ಚು ಜೋಡಿಗಳಿಗೆ ಪರಿಹಾರವೇ ಇಲ್ಲ ಎಂಬುದು ಗಣಿತದಲ್ಲಿ ಸಿದ್ಧವಾದ ಸಂಗತಿ. ವರದಿಯ ಪರೀಕ್ಷೆಯಲ್ಲಿ ಅಂಥ ಪ್ರಶ್ನೆಗಳೂ ಇದ್ದವು, ಅವನ್ನು ಬಿಡಿಸದ್ದಕ್ಕೆ ಮಾದರಿಗಳು ಸೋತವೆಂದು ಎಣಿಸಲಾಯಿತು.

ಪರೀಕ್ಷಕರೇ ಷರತ್ತನ್ನು ಪರಿಶೀಲಿಸದೆ ಪ್ರಶ್ನೆಯನ್ನು ದೊಡ್ಡದು ಮಾಡುತ್ತಾ ಹೋದರು. ಇದು ಸಣ್ಣ ಲೋಪವಲ್ಲ. ಆದರೆ ಇದರಿಂದ ಇಡೀ ವರದಿ ಬಿದ್ದುಹೋಗುವುದಿಲ್ಲ. ಹತ್ತು ತಟ್ಟೆಗಳ 1,023 ನಡೆಗಳು ಬರಹದ ಮಿತಿಯೊಳಗೇ ಬರುತ್ತವೆ, ಹೇಳಿಕೊಟ್ಟ ವಿಧಾನವನ್ನು ಅನುಸರಿಸಲಾಗದ್ದಕ್ಕೂ ಮಿತಿಯ ನೆಪ ಸಾಲದು. ಪ್ರೋಗ್ರಾಮ್ ಬರೆದದ್ದು ಕೂಡ ದ್ವಂದ್ವಾರ್ಥದ ಸಾಕ್ಷಿ. ಹನೋಯ್ ಗೋಪುರದ ಪ್ರೋಗ್ರಾಮ್ ಕಂಪ್ಯೂಟರ್ ಕಲಿಯುವ ಪ್ರತಿ ವಿದ್ಯಾರ್ಥಿಯ ಪಠ್ಯದಲ್ಲಿದೆ. ಅದನ್ನು ಮಾದರಿಗಳು ನೆನಪಿನಿಂದ ತೆಗೆದವೋ, ಯೋಚಿಸಿ ಬರೆದವೋ ಎಂದು ಆ ಪ್ರೋಗ್ರಾಮ್ ನೋಡಿ ಹೇಳಲಾಗದು. ಒಲಿಂಪಿಯಾಡ್‌ನ ಪ್ರಶ್ನೆಗಳಾದರೋ ಆ ವರ್ಷಕ್ಕೆಂದೇ ಹೊಸದಾಗಿ ರಚಿತವಾದವು. ಅಲ್ಲಿ ಅಂಕ ಗಳಿಸಲು ಹಳೆಯ ಉತ್ತರದ ನೆನಪು ಸಾಲುವುದಿಲ್ಲ. ಆ ಕಾರಣಕ್ಕೆ ಜುಲೈನ ಸುದ್ದಿಯನ್ನು ಬರಿಯ ಪ್ರಚಾರ ಎಂದು ತಳ್ಳಿಹಾಕುವವರ ಮಾತನ್ನು ಒಪ್ಪಲಾಗದು. ಹೊಸ ದಾರಿ ಹುಡುಕುವ ಶಕ್ತಿ ಮತ್ತು ಗೊತ್ತಿರುವ ನಿಯಮವನ್ನು ಸಾವಿರ ಸಲ ತಪ್ಪದೆ ಪಾಲಿಸುವ ಶಕ್ತಿ ಬೇರೆ ಬೇರೆ. ಮನುಷ್ಯರಲ್ಲಿ ಎರಡನೆಯದು ಸುಲಭದ್ದು, ಮೊದಲನೆಯದು ದುರ್ಲಭ. ಈ ಯಂತ್ರಗಳಲ್ಲಿ ಆ ಕ್ರಮವೇ ತಿರುಗಿದೆ. ಎರಡು ಸುದ್ದಿಗಳು ಒಂದಕ್ಕೊಂದು ವಿರುದ್ಧವೆಂದು ತೋರಿದ್ದು ಅದಕ್ಕೇ.

ಒಗಟಿನಾಚೆಗೆ: ಆಸ್ಪತ್ರೆ, ನ್ಯಾಯಾಲಯ

ಷರತ್ತನ್ನು ಮರೆತು ಉತ್ತರ ನೆನಪಿಡುವ ಅಭ್ಯಾಸ ಆಟದಲ್ಲಿ ಒಂದು ಕಾರನ್ನು ಕಳೆದರೆ, ಬೇರೆಡೆ ಹೆಚ್ಚಿನದನ್ನು ಕಳೆಯುತ್ತದೆ. 1978ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಹಾರ್ವರ್ಡ್‌ನ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಸೇರಿ 60 ಜನರನ್ನು ಕೇಳಲಾಯಿತು: ಸಾವಿರಕ್ಕೆ ಒಬ್ಬರಿಗಿರುವ ಕಾಯಿಲೆ; ಪರೀಕ್ಷೆ ಆರೋಗ್ಯವಂತರಲ್ಲಿ ನೂರಕ್ಕೆ ಐವರಿಗೆ ತಪ್ಪಾಗಿ ‘ಪಾಸಿಟಿವ್’ ತೋರಿಸುತ್ತದೆ; ಬೇರೇನೂ ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ‘ಪಾಸಿಟಿವ್’ ಬಂದರೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಅರ್ಧದ ಹತ್ತಿರ ಜನ ಶೇ 95 ಎಂದರು. ಸರಿ ಉತ್ತರ ಕೊಟ್ಟವರು 11 ಮಂದಿ. ಪರೀಕ್ಷೆ ರೋಗಿಗಳನ್ನು ತಪ್ಪದೆ ಹಿಡಿಯುತ್ತದೆ ಎಂದುಕೊಂಡರೆ, ಸಾವಿರ ಜನರಲ್ಲಿ ನಿಜವಾದ ರೋಗಿ ಒಬ್ಬ, ತಪ್ಪಾಗಿ ಸಿಕ್ಕಿಬೀಳುವವರು ಸುಮಾರು 50. ಆದ್ದರಿಂದ ಸಾಧ್ಯತೆ ಶೇ 2ರಷ್ಟು ಮಾತ್ರ.

ಇಲ್ಲಿಯೂ ಷರತ್ತು ಬದಲಿಸಿ ನೋಡಿ. ರೋಗಲಕ್ಷಣಗಳಿದ್ದು ಬಂದವರನ್ನಷ್ಟೇ ಪರೀಕ್ಷಿಸುತ್ತಿದ್ದೇವೆ, ಅವರಲ್ಲಿ ಹತ್ತಕ್ಕೊಬ್ಬರಿಗೆ ಕಾಯಿಲೆಯಿದೆ ಎಂದುಕೊಂಡರೆ, ಸಾವಿರದಲ್ಲಿ 100 ನಿಜವಾದ ರೋಗಿಗಳು, 45 ಸುಳ್ಳು ಪಾಸಿಟಿವ್. ಸಾಧ್ಯತೆ ಶೇ 69ಕ್ಕೆ ಏರಿತು. ಪರೀಕ್ಷೆ ಅದೇ, ಕೈಗೆ ಬಂದ ವರದಿಯ ಕಾಗದವೂ ಅದೇ. ವ್ಯಕ್ತಿ ಪರೀಕ್ಷೆಗೆ ಬಂದದ್ದು ಏಕೆ ಎಂಬುದೊಂದೇ ಬೇರೆ. ನಿರೂಪಕ ಬಾಗಿಲು ತೆರೆದದ್ದು ಏಕೆ ಎಂಬ ಪ್ರಶ್ನೆಯೂ ಇದೇ ಜಾತಿಯದು.

ಬ್ರಿಟನ್ನಿನ ಸ್ಯಾಲಿ ಕ್ಲಾರ್ಕ್ ಪ್ರಕರಣ ಇದರ ಘೋರ ರೂಪ. ಇಬ್ಬರು ಹಸುಗೂಸುಗಳನ್ನು ಕಳೆದುಕೊಂಡ ಆ ತಾಯಿಯ ಮೇಲೆ ಕೊಲೆಯ ಆರೋಪ ಬಂತು. ಆಕೆಯದರಂಥ ಕುಟುಂಬದಲ್ಲಿ ಒಂದು ಶಿಶು ಅಕಾರಣವಾಗಿ ಸಾಯುವ ಸಾಧ್ಯತೆ 8,543ರಲ್ಲಿ ಒಂದು, ಆದ್ದರಿಂದ ಎರಡು ಸಾಯುವ ಸಾಧ್ಯತೆ ಅದರ ವರ್ಗ, 7.3 ಕೋಟಿಯಲ್ಲಿ ಒಂದು ಎಂದು ತಜ್ಞ ಸಾಕ್ಷಿ ಹೇಳಿದರು. 1999ರಲ್ಲಿ ಶಿಕ್ಷೆಯಾಯಿತು. ಒಂದೇ ಕುಟುಂಬದ ಎರಡು ಸಾವುಗಳಿಗೆ ಸಂಬಂಧವೇ ಇಲ್ಲವೆಂದು ಹಿಡಿದು ಗುಣಿಸಿದ್ದು ಮೊದಲ ತಪ್ಪು. ಅಂಥ ಸಾವು ಅಪರೂಪ ಎಂಬುದರಿಂದ ಆಕೆ ನಿರಪರಾಧಿಯಾಗಿರುವುದು ಅಷ್ಟೇ ಅಪರೂಪ ಎಂದು ಭಾವಿಸುವಂತಾದದ್ದು ಎರಡನೆಯದು. ತಾಯಿಯೊಬ್ಬಳು ಎರಡು ಕೂಸುಗಳನ್ನು ಕೊಲ್ಲುವುದೂ ಅತಿ ಅಪರೂಪ, ಹೋಲಿಸಬೇಕಾದದ್ದು ಈ ಎರಡನ್ನು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಅಂಕಿಯ ವಿರುದ್ಧ ಬಹಿರಂಗ ಹೇಳಿಕೆ ನೀಡಿತು. 2003ರಲ್ಲಿ, ಮುಖ್ಯವಾಗಿ ವೈದ್ಯಕೀಯ ವರದಿಯೊಂದನ್ನು ಮುಚ್ಚಿಟ್ಟದ್ದು ಬಯಲಾಗಿ, ಶಿಕ್ಷೆ ರದ್ದಾಯಿತು. ಆಕೆ 2007ರಲ್ಲಿ ತೀರಿಕೊಂಡರು.

ಮುಂದೆ ಏನು ಬದಲಾಗಲಿದೆ

ಪರಿಣಾಮಗಳು ಮೊದಲು ಕಾಣಿಸುವುದು ಪರೀಕ್ಷೆಗಳಲ್ಲಿ. ಪ್ರಕಟವಾದ ಒಗಟನ್ನು ಯಂತ್ರದ ಬುದ್ಧಿಯ ಅಳತೆಗೋಲಾಗಿ ಬಳಸುವುದು ಇನ್ನು ಕಷ್ಟ, ಏಕೆಂದರೆ ಪ್ರಕಟವಾದ ಕ್ಷಣದಿಂದಲೇ ಅದು ಮುಂದಿನ ಮಾದರಿಯ ಪಠ್ಯ. ಆಲಿಸ್‌ಳ ಸಹೋದರಿಯರ ಪ್ರಶ್ನೆಗೆ ಹೊಸ ಮಾದರಿ ಸರಿಯಾಗಿ ಉತ್ತರಿಸಿದರೆ ಅದರಿಂದ ತಿಳಿಯುವುದು ತೀರ ಕಡಿಮೆ. ಆದ್ದರಿಂದ ಮೌಲ್ಯಮಾಪಕರು ಗುಟ್ಟಾಗಿಟ್ಟ ಪ್ರಶ್ನೆಗಳತ್ತ, ಪ್ರತಿ ಸಲವೂ ಸಂಖ್ಯೆ ಮತ್ತು ಷರತ್ತು ಬದಲಿಸಿ ಹೊಸದಾಗಿ ಹುಟ್ಟಿಸುವ ಪ್ರಶ್ನೆಗಳತ್ತ ಸರಿಯುತ್ತಿದ್ದಾರೆ. ನೌಕರಿಯ ಸಂದರ್ಶನ ಮತ್ತು ಪ್ರವೇಶ ಪರೀಕ್ಷೆಗಳಲ್ಲಿ ಹಳೆಯ ಒಗಟುಗಳನ್ನೇ ಕೇಳುವವರಿಗೂ ಇದೇ ಅನ್ವಯಿಸುತ್ತದೆ. ‘ಬದಲಿಸಬೇಕು’ ಎಂದು ಥಟ್ಟನೆ ಹೇಳುವ ಅಭ್ಯರ್ಥಿಯನ್ನು, ‘ನಿರೂಪಕನಿಗೆ ಗೊತ್ತಿಲ್ಲದಿದ್ದರೆ?’ ಎಂಬ ಎರಡನೆಯ ಪ್ರಶ್ನೆಯೇ ಪರೀಕ್ಷಿಸುವುದು.

ಇದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೂ ಪೂರ್ತಿ ಆಗಿಲ್ಲ. ಇಂದಿನ ಬಹುತೇಕ ಪರೀಕ್ಷೆಗಳಲ್ಲಿ ಪ್ರತಿ ಪ್ರಶ್ನೆಗೂ ಒಂದು ಉತ್ತರ ಇದ್ದೇ ಇರುತ್ತದೆ, ಏನಾದರೂ ಉತ್ತರಿಸಿದವನಿಗೆ ಅಂಕದ ಆಸೆಯಿರುತ್ತದೆ, ಸುಮ್ಮನಿದ್ದವನಿಗೆ ಸೊನ್ನೆ. ಇಂಥ ಅಂಕಪದ್ಧತಿಯಲ್ಲಿ ಬೆಳೆದ ಯಂತ್ರ ಖಚಿತವಿಲ್ಲದಾಗಲೂ ಖಚಿತವಾಗಿ ಮಾತನಾಡುವುದನ್ನೇ ಕಲಿಯುತ್ತದೆ. ಆರು ಜೋಡಿಗಳ ದೋಣಿ ಪ್ರಶ್ನೆಗೆ ‘ಇದು ಅಸಾಧ್ಯ, ಕಾರಣ ಇಂತಿದೆ’ ಎಂಬುದಕ್ಕೆ ಪೂರ್ಣ ಅಂಕ ಸಿಗಬೇಕು. ನಿರೂಪಕನ ನಿಯಮ ಹೇಳದೆ ಕೇಳಿದ ಬಾಗಿಲಿನ ಪ್ರಶ್ನೆಗೆ ‘ಅವನು ಯಾವಾಗ ಬಾಗಿಲು ತೆರೆಯುತ್ತಾನೆ ಎಂದು ಮೊದಲು ತಿಳಿಸಿ’ ಎಂಬ ಮರುಪ್ರಶ್ನೆಯನ್ನೂ ಉತ್ತರವೆಂದು ಎಣಿಸಬೇಕು. ಆಸ್ಪತ್ರೆಯ ವರದಿಯನ್ನು ಯಂತ್ರದ ಮುಂದಿಟ್ಟು ‘ನನಗೆ ಕಾಯಿಲೆ ಇದೆಯೇ?’ ಎಂದು ಕೇಳುವವರು ಈಗಾಗಲೇ ಇದ್ದಾರೆ. ಅವರಿಗೆ ಶೇಕಡಾವಾರು ಅಂಕಿ ಕೊಡುವ ಮೊದಲು ‘ಈ ಪರೀಕ್ಷೆ ಮಾಡಿಸಿದ್ದೇಕೆ, ಲಕ್ಷಣಗಳೇನಾದರೂ ಇದ್ದವೇ?’ ಎಂದು ಯಂತ್ರ ಕೇಳುತ್ತದೆಯೇ ಎಂಬುದನ್ನು ಅಳೆಯುವ ಪರೀಕ್ಷೆಗಳು ಬೇಕು.